ಹದಿನೇಳನೇ ಮೇಜಿನ ಪ್ರಿಂಟರ್

ವಿಜಯಪುರದಲ್ಲಿ ಅಂದು ಹೊರಗೆ ಐವತ್ತೆಂಟು ಡಿಗ್ರಿ. ಕಚೇರಿಯ ನೆಲದ ಜಾಲರಿಗಳಿಂದೇಳುವ ತಂಪುಗಾಳಿ ಪಟ್ಟಿಯಲ್ಲಿದ್ದವರಿಗಷ್ಟೇ. ಉಳಿದವರನ್ನು ಬಿಸಿಲಿಗೆ ಕಳಿಸುವುದು ನಿಯಮ. ಯಾವ ಮೇಜಿಗೆ ಎಷ್ಟು ಗಾಳಿ ಎಂದು ದಿನಾ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ನೀಲಗಂಗಾಳ ಕೆಲಸ.

ಅಂದು ತೆರೆಯ ಮೇಲೆ ಹದಿನೇಳನೇ ಮೇಜು ಕೆಂಪಗಿತ್ತು. ಒಬ್ಬರಿರಬೇಕಾದಲ್ಲಿ ಇಬ್ಬರ ಮೈಬಿಸಿ! ಅಲ್ಲಿ ಕೂರುವ ಟೈಪಿಸ್ಟ್ ಗುರಬಸವ್ವ ತಲೆಯನ್ನೇ ಎತ್ತುತ್ತಿಲ್ಲ. ಮೇಜಿನಡಿಯ ರಟ್ಟಿನ ಡಬ್ಬದ ಮರೆಯಲ್ಲಿ, ಕಾಲುಂಗುರ ತೊಟ್ಟ ಮುದಿ ಪಾದವೊಂದು ಜಾಲರಿಗೆ ಅಂಟಿಕೊಂಡಿತ್ತು.

"ಅಲ್ಲೇನ್ರೀ ಅದು, ಕೆಂಪಗ ಕಾಣಾಕತ್ತದ?" ಮೇಲ್ವಿಚಾರಕ ಹಣಮಂತರಾಯ ಬೆನ್ನ ಹಿಂದೆಯೇ ನಿಂತಿದ್ದ.

ನೀಲಗಂಗಾ ತೆರೆಯಿಂದ ಕಣ್ಣು ಕೀಳದೆ ಹೇಳಿದಳು, "ಪ್ರಿಂಟರ್ ರೀ ಸಾಹೇಬ್ರ. ನಿನ್ನೆ ತಂದಿಟ್ಟಾರ, ಪಟ್ಟಿಗೆ ಹಚ್ಚೂದು ಮರ್ತಿದ್ದೆ." ಹಾಗೆಂದೇ ಬರೆದು ಗುಂಡಿ ಒತ್ತಿದಳು. ಕೆಂಪು ಹಸಿರಾಯಿತು.

ಅಷ್ಟರಲ್ಲಿ ಮೇಜಿನಡಿಯಿಂದ ಕೆಮ್ಮು ಕೇಳಿಸಿತು. ಗುರಬಸವ್ವನ ಕೈಗಳು ನಿಂತವು.

ಹಣಮಂತರಾಯ ಬಹಳ ಹೊತ್ತು ಆ ಡಬ್ಬವನ್ನೇ ನೋಡಿದ. ಆಮೇಲೆ ಬಗ್ಗಿ, ನೀಲಗಂಗಾಳಿಗಷ್ಟೇ ಕೇಳುವಂತೆ, "ನಾಳೆ ನನ್ನ ಮೇಜಿಗೂ ಒಂದು ಪ್ರಿಂಟರ್ ಹಚ್ರಿ" ಎಂದ. "ಭಾಳ ಹಳೇದು. ಎದ್ದು ನಿಂದ್ರಾಕ ಬರಂಗಿಲ್ಲ ಅದಕ್ಕ."