ಬಾಡಿಗೆ ಟೈರು

ಶಾಲಾ ವ್ಯಾನಿನ ಸವೆದ ಟೈರುಗಳನ್ನು ಬಿಚ್ಚಿದ ಮೆಕ್ಯಾನಿಕ್, ಎಫ್.ಸಿ. ತಪಾಸಣೆಯ ದಿನಕ್ಕೆಂದೇ ಬಾಡಿಗೆಗೆ ಇಟ್ಟಿದ್ದ ಹೊಸ ಟೈರುಗಳನ್ನು ಹಾಕಿಕೊಟ್ಟ.

"ನಾಲ್ಕು ಗಂಟೆಯೊಳಗೆ ವಾಪಸ್ ತಂದ್ಬಿಡಪ್ಪ. ಇನ್ನೊಂದು ವ್ಯಾನು ಕಾಯ್ತಿದೆ."

"ನನ್ನ ಹಳೇವು ಇನ್ನೆಷ್ಟು ದಿನ ಬರ್ತವೆ?" ಡ್ರೈವರ್ ಕೇಳಿದ.

"ಮಳೆ ಶುರುವಾಗೋವರೆಗೂ ಬರ್ತವೆ."

ತಪಾಸಣೆಯ ಮೈದಾನದ ಮೇಲೆ ಮೋಡ ಕಟ್ಟುತ್ತಿತ್ತು. ಇನ್ಸ್‌ಪೆಕ್ಟರ್ ಬಗ್ಗಿ ಒಂದೊಂದೇ ಟೈರನ್ನು ಮುಟ್ಟಿ ನೋಡಿದರು.

"ಎಷ್ಟು ಮಕ್ಕಳು ಬರ್ತಾರೆ?"

"ಹದಿನಾಲ್ಕು, ಸಾರ್."

"ಇಷ್ಟು ಚೆನ್ನಾಗಿಟ್ಟಿರೋ ಸ್ಕೂಲ್ ಗಾಡಿ ಈ ವರ್ಷ ನಾನು ನೋಡಿಲ್ಲ."

ಡ್ರೈವರ್ ಗಡಿಯಾರ ನೋಡಿಕೊಂಡ. ಮೂರೂವರೆ ಆಗಿತ್ತು.

ಇನ್ಸ್‌ಪೆಕ್ಟರ್ ಸಹಿ ಹಾಕಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

"ನಾಳೆಯಿಂದ ಹದಿನೈದು ಅಂದ್ಕೋ. ನನ್ನ ಮಗಳನ್ನೂ ಇದರಲ್ಲೇ ಕಳಿಸ್ತೀನಿ."