ಯುದ್ಧದಿಂದ ಬಾರದ ದೊರೆ

"ಬೇಡ ಅಂದ್ರೆ ಬೇಡ. ಬೇಕಾದ್ರೆ ನೀವು ನಿಂತ್ಕೊಳ್ಳಿ," ಎಂದು ಫುಸಾಯೆ ಹಲಗೆಗೆ ಬೆನ್ನು ತಿರುಗಿಸಿದಳು.

ಒಸಾಕಾ ಕೋಟೆಯ ಅಂಗಳದಲ್ಲಿ ಆಳೆತ್ತರದ ಮರದ ಹಲಗೆ. ಅದರ ಮೇಲೆ ಕೊಂಬಿನ ಶಿರಸ್ತ್ರಾಣ ತೊಟ್ಟ ದೊರೆ, ಪಕ್ಕದಲ್ಲಿ ಪದರಪದರವಾಗಿ ರೇಷ್ಮೆ ಉಟ್ಟ ರಾಣಿ. ಇಬ್ಬರಿಗೂ ಮುಖವಿಲ್ಲ; ಮುಖ ಇರಬೇಕಾದಲ್ಲಿ ದುಂಡನೆಯ ತೂತು. ಹಿಂದಿನಿಂದ ಹೋಗಿ ತೂತಿಗೆ ಮುಖ ಕೊಡುವುದು, ಫೋಟೊ ತೆಗೆಸಿಕೊಳ್ಳುವುದು, ನಗುತ್ತಾ ಮನೆಗೆ ಹೋಗುವುದು. ಅಷ್ಟೇ ಆಟ.

ಫುಸಾಯೆಗೆ ಇಂಥ ಹಲಗೆ ಕಂಡರೆ ಪ್ರಾಣವಾಗಿತ್ತು. ಬುಧವಾರ ಮೀನಂಗಡಿಗೆ ರಜೆ ಸಿಕ್ಕಿತೆಂದರೆ ಗಂಡ ಮೊರಿಯೊನನ್ನು ಎಳೆದುಕೊಂಡು ಊರು ಸುತ್ತುವಳು. ಪ್ರಾಣಿಸಂಗ್ರಹಾಲಯದಲ್ಲಿ ಜಿರಾಫೆಯಾದಳು, ಸಮುದ್ರದ ಮೀನು ತೋರಿಸುವಲ್ಲಿ ಪೆಂಗ್ವಿನ್ ಆದಳು, ಇದೇ ಹಲಗೆಯಲ್ಲಿ ರಾಣಿಯಾದಳು. ಎಲ್ಲ ಫೋಟೊಗಳಲ್ಲೂ ಪಕ್ಕದ ತೂತು ಖಾಲಿ. "ತೂತಲ್ಲಿ ಮೂತಿ ತೂರಿಸೋಕೆ ನಾನೇನು ಹೆಗ್ಗಣವಾ?" ಎಂದು ಮೊರಿಯೊ ಪ್ರತಿ ಸಲವೂ ಸಿಡುಕುತ್ತಿದ್ದ. ರಾಣಿಯ ಫೋಟೊವನ್ನು ಅವಳು ಅಂಗಡಿಯ ತಕ್ಕಡಿಯ ಮೇಲಿನ ಗೋಡೆಗೆ ತೂಗುಹಾಕಿದ್ದಳು. ದೊರೆ ಎಲ್ಲಿ ಅಂತ ಗಿರಾಕಿಗಳು ಕೇಳಿದರೆ, "ಯುದ್ಧಕ್ಕೆ ಹೋದೋನು ಇನ್ನೂ ಬಂದಿಲ್ಲ ಕಣ್ರೀ," ಎಂದು ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದಳು. ಅಂಗಡಿಯ ಅರ್ಧ ಮೀನು ಆ ನಗುವಿಗೇ ಮಾರಾಟವಾಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅವಳಿಗೆ ಲಕ್ವ ಹೊಡೆಯಿತು. ಕೈಕಾಲು ಉಳಿದವು, ಮಾತು ಉಳಿಯಿತು, ಬಾಯಿಯ ಎಡಗಡೆ ಮಾತ್ರ ಜೋತುಬಿತ್ತು. ಅಂದಿನಿಂದ ಮುಖಕ್ಕೆ ಮಾಸ್ಕ್. ಅಂಗಡಿಯ ಮುಂದೆ ಕೂರುತ್ತಿದ್ದವಳು ಹಿಂದಿನ ಕೋಣೆ ಸೇರಿದಳು, ಫೋಟೊ ಗೋಡೆಯಿಂದಿಳಿದು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಮುಖ ಒಂದು ಸಲ ಹೊರಗೆ ಬಂದರೆ ಸಾಕು, ಮಿಕ್ಕಿದ್ದು ತಾನಾಗಿ ಸರಿಹೋಗುತ್ತದೆ ಎಂದು ಮೊರಿಯೊ ಇವತ್ತು ಗದರಿ, ಬೈದು, ಕೊನೆಗೆ ಬೇಡಿಕೊಂಡು ಕರೆತಂದಿದ್ದ. ಬಂದು ಏನಾಯಿತು? ಬಿಸಿ ಆಕ್ಟೋಪಸ್ ಉಂಡೆ ಕೊಡಿಸಿದರೆ, ಅದನ್ನೂ ಕಂದಕದ ಕಡೆ ತಿರುಗಿ ನಿಂತು, ಮಾಸ್ಕಿನ ಅಡಿಯಿಂದ ಒಂದೊಂದೇ ಒಳಗೆ ತಳ್ಳಿದಳು.

"ಒಂದೇ ಒಂದು ಫೋಟೊ ಕಣೇ. ಮೈಯೆಲ್ಲ ಹಲಗೆ ಹಿಂದೆ ಇರತ್ತೆ."

"ಅದಕ್ಕೇ ಬೇಡ ಅಂದಿದ್ದು. ಆ ತೂತು ಮುಖ ಒಂದನ್ನೇ ತೋರಿಸತ್ತೆ. ನನಗೆ ಕೆಟ್ಟಿರೋದು ಅದೊಂದೇ."

ಮೊರಿಯೊ ಫೋನನ್ನು ಅವಳ ಕೈಗೆ ತುರುಕಿದ. "ಹಾಗಾದ್ರೆ ನನ್ನದು ತೆಗಿ."

"ನಿಮ್ಮದಾ? ಹೆಗ್ಗಣ ಆಗ್ತೀರಾ?"

"ಬಾಯ್ಮುಚ್ಕೊಂಡು ತೆಗಿ."

ಸಾಲಿನಲ್ಲಿ ನಿಂತು, ಸರದಿ ಬಂದಾಗ ಅವನು ಹಲಗೆಯ ಹಿಂದೆ ಹೋದ. ಫುಸಾಯೆ ಫೋನನ್ನು ದೊರೆಯ ಕಡೆ ಹಿಡಿದಳು. ದೊರೆಯ ತೂತಿನಲ್ಲಿ ಬರೀ ಆಕಾಶ. ಮುಖ ಹೊರಬಂದದ್ದು ರಾಣಿಯ ತೂತಿನಲ್ಲಿ. ನೀಳವಾದ ಕಪ್ಪು ಕೂದಲಿನ ನಡುವೆ ಬೋಳು ಹಣೆ, ಪೊದೆಯಂಥ ಬಿಳಿ ಮೀಸೆ.

"ರೀ! ಅದು ರಾಣೀದು! ಪಕ್ಕಕ್ಕೆ ಬನ್ನಿ, ಜನ ನೋಡ್ತಿದಾರೆ!"

"ನೋಡ್ಲಿ ಬಿಡು!" ಮೀನು ಕೂಗಿ ಮಾರುವ ಗಂಟಲಲ್ಲಿ ಮೊರಿಯೊ ಕೂಗಿದ. "ನನ್ನ ಗಂಡ ಎಲ್ಲಿ? ಯುದ್ಧ ಇನ್ನೂ ಮುಗೀಲಿಲ್ವಾ? ಕಾದು ಕಾದು ರಾಣಿಗೆ ಮೀಸೆ ಬಂತು!"

ಸಾಲೆಲ್ಲ ಗೊಳ್ಳೆಂದಿತು. ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಕೈ ಚಾಚಿದಳು. "ಫೋನ್ ನನಗೆ ಕೊಡಿ ಅಜ್ಜಿ, ನೀವು ಹೋಗಿ. ಪಾಪ, ರಾಣಿಯವರು ಇನ್ನೆಷ್ಟು ವರ್ಷ ಕಾಯ್ತಾರೆ?"

ಫುಸಾಯೆಯ ಹೆಗಲು ಕುಲುಕುತ್ತಿತ್ತು. ಮಾಸ್ಕಿನೊಳಗಿಂದ ಅಂಗಡಿಯ ಹಳೇ ನಗು ಬರುತ್ತಿತ್ತು. ಅವಳು ಫೋನು ಕೊಟ್ಟು ಹಲಗೆಯ ಪಕ್ಕಕ್ಕೆ ನಡೆದಳು, ಮೊರಿಯೊನ ಕಣ್ಣಿಗೆ ಮರೆಯಾದಳು. ತೂತಿಗೆ ಮುಖ ಕೊಟ್ಟವನಿಗೆ ಹಿಂದಿನದು ಕಾಣುವುದಿಲ್ಲ. ಕಲ್ಲುಚೂರಿನ ಮೇಲೆ ಹೆಜ್ಜೆ ಕೇಳಿತು. ಗಿಡ್ಡವರಿಗೆಂದು ಇಟ್ಟ ಮಣೆ ಎಳೆದ ಸದ್ದು ಕೇಳಿತು. ಆಮೇಲೆ ಪಕ್ಕದಲ್ಲಿ ಬರೀ ಉಸಿರು. ಬಗ್ಗಿ ನಿಂತ ಮೊರಿಯೊನ ಮಂಡಿಗಳು ಕಿರುಗುಟ್ಟಿದವು. ಮುಖ ಹಿಂದಕ್ಕೆಳೆದು ನೋಡೋಣ ಅನಿಸಿತು. ನೋಡಲಿಲ್ಲ.

ಹಲಗೆಯ ಹಿಂದೆ ಅವನ ಅಂಗೈಗೆ ಏನೋ ಬಂದು ಬಿತ್ತು. ಬೆಚ್ಚಗಿನ, ಉಸಿರಿಗೆ ಒದ್ದೆಯಾದ, ಎರಡೂ ಕಡೆ ದಾರವಿದ್ದ ಬಟ್ಟೆ. ಅವನು ಮುಷ್ಟಿ ಬಿಗಿದ.

"ದೊರೆಗಳೇ, ಹಾಗೇ ಇರಿ!" ಹುಡುಗಿ ಕೂಗಿದಳು. "ಆ ಓರೆನಗು ಇದೆಯಲ್ಲ, ಒಳ್ಳೇ ಗತ್ತಾಗಿದೆ! ರಾಣಿಯವರೇ, ನೀವು ಒಂದ್ಸಲ ಕಣ್ಣೊರೆಸ್ಕೊಳ್ಳಿ, ಇನ್ನೊಂದು ತೆಗೀತೀನಿ."