ಒದ್ದೆ ಕರ್ಚೀಫು

ಈಗಲೂ ಯಾರಾದರೂ ದಾಳಿಂಬೆ ಗಿಡದ ಕೊಂಬೆ ಕತ್ತರಿಸಿದರೆ, ಆ ಹಸಿ ಕಡ್ಡಿಯ ಒಗರು ವಾಸನೆಗೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಒಮಾನಿನಲ್ಲಿ ಸೆಕೆ ಇಳಿದ ಮೇಲೆ ನಮಗೆ ಶುಕ್ರವಾರ ಇಗರ್ಜಿ, ಶನಿವಾರ ಬೆಟ್ಟ. ಯಾವ ತೋಟಕ್ಕೆ ಹೋದರೂ ಮಮ್ಮಿ ಕೇಳಿ ಒಂದು ಕಡ್ಡಿ ತರುತ್ತಿದ್ದಳು. ಒದ್ದೆ ಕರ್ಚೀಫಿನಲ್ಲಿ ಸುತ್ತಿ ತಂದು, ಅಲ್ ಹೈಲ್‌ನ ನಮ್ಮ ಮನೆಯ ಬಾಲ್ಕನಿಯಲ್ಲಿ ಹಾಲಿನ ಪುಡಿಯ ಡಬ್ಬಕ್ಕೆ ಊರುತ್ತಿದ್ದಳು. ಕರ್ಚೀಫು ಒದ್ದೆ ಮಾಡುವುದು ನನ್ನ ಕೆಲಸ.

ಆ ಶನಿವಾರ ಪಪ್ಪ ಸಿಗ್ನಲ್ ಹುಡುಕುತ್ತ ಕಾಲುದಾರಿಯಲ್ಲಿ ನಮ್ಮನ್ನು ಬಿಟ್ಟು ಮುಂದೆ ಮುಂದೆ ಹೋಗುತ್ತಿದ್ದರು. ತೋಟದ ಹತ್ತಿರ ಫೋನು ಬಂತು. "ಯೆಸ್ ಸರ್, ಯೆಸ್ ಸರ್" ಎಂದರು. ಆಮೇಲೆ ಮಮ್ಮಿಯತ್ತ ತಿರುಗಿ, "ಕೆಲಸ ಖಲಾಸ್. ಈ ತಿಂಗಳ ಕೊನೆಗೆ ಊರಿಗೆ" ಎಂದರು.

ಅಷ್ಟರಲ್ಲಿ ತೋಟದ ಒಮಾನಿ ಅಜ್ಜ ತಾನಾಗಿಯೇ ದಾಳಿಂಬೆಯ ಕಡ್ಡಿಯೊಂದನ್ನು ಕತ್ತರಿಸಿ, "ಲೇ ಲೋ, ಸಿಸ್ಟರ್" ಎಂದು ಹರಕು ಹಿಂದಿಯಲ್ಲಿ ತಗೊಳ್ಳಲು ಹೇಳಿ ಚಾಚಿದ. ನಾನು ಕಾಲುವೆಗೆ ಓಡಿ ಕರ್ಚೀಫು ಅದ್ದಿ ತಂದೆ.

"ಶುಕ್ರಾನ್ ಬಾಬಾ, ಥ್ಯಾಂಕ್ಯೂ, ಬೇಡ" ಎಂದು ಮಮ್ಮಿ ಕೈಯಾಡಿಸಿದಳು.

"ಎಂತಕ್ಕೆ ಬೇಡ? ತಗೋ ಮಮ್ಮಿ!" ನಾನು ಅವಳ ಚೂಡಿದಾರ ಜಗ್ಗಿದೆ.

"ಬೇರು ಬಿಡ್ಲಿಕ್ಕೆ ಎರಡು ತಿಂಗಳು ಬೇಕು ಮಗಾ."

"ಬಿಡ್ಲಿ! ನಾನು ದಿನಾ ನೀರು ಹಾಕ್ತೇನೆ."

ಮಮ್ಮಿ ನನ್ನ ಕೈ ಹಿಡಿದು ದಾರಿಯತ್ತ ತಿರುಗಿದಳು. ಕಡ್ಡಿ ಇನ್ನೂ ಅಜ್ಜನ ಕೈಯಲ್ಲೇ ಇತ್ತು. ಆಗಲೇ ಕಾರಿಗೆ ಹೋಗಿದ್ದ ಪಪ್ಪ ಹಾರ್ನ್ ಒತ್ತಿದರು, ಮತ್ತೆ ಒತ್ತಿದರು.

ಬೆಟ್ಟ ಇಳಿಯುವವರೆಗೂ ಕರ್ಚೀಫನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದೆ. ಅಲ್ ಹೈಲ್ ಮುಟ್ಟುವಾಗ ಅದು ಒಣಗಿತ್ತು.